ಸೌನಾ, ಉಗಿಕೋಣೆ, ಹಂಡೆಯ ಜಳಕ: ನಿಮ್ಮ ತೊಗಲಿಗೆ ಯಾವ ಬಿಸಿ?

ಹುಬ್ಬಳ್ಳಿ-ಧಾರವಾಡದ ದೊಡ್ಡ ಜಿಮ್ಮುಗಳಲ್ಲಿ ಬಟ್ಟೆ ಬದಲಿಸುವ ಕೋಣೆ ದಾಟಿದರೆ ಈಗ ಪಕ್ಕಪಕ್ಕ ಎರಡು ಬಾಗಿಲು ಕಾಣುತ್ತವೆ. ಒಂದರ ಮೇಲೆ ಸೌನಾ ಎಂದಿರುತ್ತದೆ, ಇನ್ನೊಂದರ ಮೇಲೆ ಸ್ಟೀಮ್. ಹೆಚ್ಚಿನವರು ಯಾವುದು ಖಾಲಿ ಇದೆಯೋ ಅದರೊಳಗೆ ಹೋಗಿ ಕೂತುಬಿಡುತ್ತಾರೆ. ಬೆವರು ಕಿತ್ತು ಬರುತ್ತದೆ, ಮೈ ಹಗುರಾಗುತ್ತದೆ, ಎರಡೂ ಒಂದೇ ಅನ್ನಿಸುತ್ತದೆ. ತೊಗಲಿನ ಲೆಕ್ಕದಲ್ಲಿ ಎರಡೂ ಒಂದಲ್ಲ. ಮೈಮೇಲೆ ಸಿಬ್ಬ ಏಳುವವರಿಗೆ ಒಂದು ಬಾಗಿಲು ಕೆಡುಕು, ಇನ್ನೊಂದು ನಡೆದೀತು. ಮುಖದ ಮೇಲೆ ಬಂಗು ಇದ್ದವರಿಗೆ ಎರಡೂ ಬೇಡ. ಡಿಸೆಂಬರಿನ ಒಣಗಾಳಿಗೆ ಮೊಣಕಾಲು, ಹಿಮ್ಮಡಿ ಒಡೆಯುವವರಿಗೆ ಈ ಎರಡಕ್ಕಿಂತ ಮನೆಯ ಬಚ್ಚಲೇ ಛಲೋ.

ಆಯ್ಕೆ ಮಾಡುವಾಗ ಕೇಳಬೇಕಾದ ಮೊದಲ ಪ್ರಶ್ನೆ ‘ಎಷ್ಟು ಬಿಸಿ?’ ಎಂಬುದಲ್ಲ. ‘ಒಳಗಿನ ಗಾಳಿಯಲ್ಲಿ ಎಷ್ಟು ತೇವ? ಮುಖ ಒಳಗೋ ಹೊರಗೋ? ಹೊರಗೆ ಬಂದಮೇಲೆ ಮೈ ಆರಿಸಿಕೊಳ್ಳಲು ಏನು ಅನುಕೂಲ?’ ಈ ಮೂರಕ್ಕೆ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿಯಿತು.

ಒಣ ಬಿಸಿ, ಹಸಿ ಬಿಸಿ

ಸೌನಾ ಫಿನ್ಲೆಂಡಿನ ಮಾತು, ಫಿನ್ಲೆಂಡಿನ ರೂಢಿ. ಸುಮಾರು 55 ಲಕ್ಷ ಜನರ ಆ ದೇಶದಲ್ಲಿ 30 ಲಕ್ಷದ ಆಸುಪಾಸು ಸೌನಾಗಳಿವೆ. 2020ರಲ್ಲಿ ಯುನೆಸ್ಕೊ ಆ ಸಂಸ್ಕೃತಿಯನ್ನು ಪಾರಂಪರಿಕ ಪಟ್ಟಿಗೆ ಸೇರಿಸಿತು. ಕಟ್ಟಿಗೆಯ ಗೋಡೆ, ಕಟ್ಟಿಗೆಯ ಬೆಂಚು, ಮೂಲೆಯಲ್ಲಿ ಕಾದ ಕಲ್ಲುಗಳ ಒಲೆ. ಗಾಳಿಯ ಬಿಸಿ 80ರಿಂದ 100 ಡಿಗ್ರಿ, ತೇವಾಂಶ ಮಾತ್ರ ಶೇ 10ರಿಂದ 20. ಇಷ್ಟು ಒಣಗಿದ ಗಾಳಿಯಲ್ಲಿ ಬೆವರು ಹುಟ್ಟುತ್ತಲೇ ಆರುತ್ತ ಹೋಗುತ್ತದೆ. ಹಾಗೆ ಆರುವುದರಿಂದಲೇ 90 ಡಿಗ್ರಿಯಲ್ಲಿ ಮನುಷ್ಯ ಹತ್ತು ನಿಮಿಷ ಕೂರಲು ಸಾಧ್ಯ. ಚರ್ಮದ ಮೇಲ್ಮೈ ಕೆಲವೇ ನಿಮಿಷಗಳಲ್ಲಿ 40 ಡಿಗ್ರಿಯ ಹತ್ತಿರ ಬರುತ್ತದೆ, ಮೈಯೊಳಗಿನ ಬಿಸಿ ಒಂದು ಡಿಗ್ರಿಯ ಆಸುಪಾಸು ಏರುತ್ತದೆ. ಒಂದು ಬಾರಿಗೆ ಸರಾಸರಿ ಅರ್ಧ ಲೀಟರಿನಷ್ಟು ಬೆವರು ಹೋಗುತ್ತದೆ.

ಉಗಿಕೋಣೆಯಲ್ಲಿ ಬಿಸಿ ಬರೀ 40ರಿಂದ 50 ಡಿಗ್ರಿ, ಆದರೆ ತೇವಾಂಶ ಶೇ 100. ಫ್ರಿಜ್ಜಿನಿಂದ ತೆಗೆದಿಟ್ಟ ಸ್ಟೀಲ್ ತಂಬಿಗೆಯ ಹೊರಮೈಗೆ ಹನಿ ಕಟ್ಟುವುದನ್ನು ನೋಡಿರುತ್ತೀರಿ. ಉಗಿಕೋಣೆಯಲ್ಲಿ ನಿಮ್ಮ ಮೈಯೇ ಆ ತಂಬಿಗೆ. ಕೋಣೆಯ ಗಾಳಿಗಿಂತ ನಿಮ್ಮ ಚರ್ಮ ತಣ್ಣಗಿರುವುದರಿಂದ ಉಗಿ ಅದರ ಮೇಲೆ ಬಂದು ನೀರಾಗುತ್ತದೆ. ಮೊದಲ ಎರಡು ನಿಮಿಷಕ್ಕೇ ಮೈಮೇಲೆ ಇಳಿಯುವ ನೀರಿನಲ್ಲಿ ಬೆವರಿಗಿಂತ ಈ ಹನಿಗಳೇ ಹೆಚ್ಚು. ಒಂದು ಗ್ರಾಂ ಉಗಿ ಹೀಗೆ ನೀರಾಗುವಾಗ ಸುಮಾರು 570 ಕ್ಯಾಲೊರಿ ಶಾಖವನ್ನು ಚರ್ಮಕ್ಕೆ ಬಿಟ್ಟುಕೊಡುತ್ತದೆ. ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ಕಾಯಿಸಲು ಒಂದೇ ಕ್ಯಾಲೊರಿ ಸಾಕು ಎಂಬುದನ್ನು ನೆನೆದರೆ, 45 ಡಿಗ್ರಿಯ ಉಗಿ ಯಾಕೆ ಅಷ್ಟು ಸುಡುತ್ತದೆ ಎಂಬುದು ತಿಳಿಯುತ್ತದೆ. ಜೊತೆಗೆ ಬೆವರು ಆರುವುದೇ ಇಲ್ಲ. ಅದಕ್ಕೇ ಉಗಿಯಲ್ಲಿ ಕೂರುವ ಹೊತ್ತು ಸೌನಾಕ್ಕಿಂತ ಹೆಚ್ಚಿರಬಾರದು: 8ರಿಂದ 12 ನಿಮಿಷ.

ಚರ್ಮದ ಮೇಲ್ಪದರ ಬಹಳ ತೆಳು, ಮಿಲಿಮೀಟರಿನ ಐವತ್ತರಲ್ಲಿ ಒಂದು ಪಾಲು. ಸತ್ತ ಕೋಶಗಳು ಇಟ್ಟಿಗೆ, ಅವುಗಳ ನಡುವಿನ ಜಿಡ್ಡು ಗಾರೆ. ಉಗಿಯಲ್ಲಿ ಈ ಪದರ ನೀರು ಕುಡಿದು ಉಬ್ಬುತ್ತದೆ; ಅರಿಬಿ ಒಗೆದ ಮೇಲೆ ಬೆರಳ ತುದಿ ಬೆಳ್ಳಗೆ ಮುದುಡುತ್ತದಲ್ಲ, ಹಾಗೆ. ಹೊರಗೆ ಬಂದ ಮೇಲೆ ಆ ನೀರು ಆರುವಾಗ, ತಡೆಯುವ ಜಿಡ್ಡು ಮೇಲೆ ಇಲ್ಲದಿದ್ದರೆ, ಮೊದಲಿಗಿಂತ ಹೆಚ್ಚು ಬಿಗಿತ ಉಳಿಯುತ್ತದೆ. ‘ಸ್ಟೀಮ್ ತಗೊಂಡಾಗ ಮುಖ ಮೆತ್ತಗೆ, ಸಂಜೆಗೆ ಬಿರುಸು’ ಎಂಬ ದೂರಿನ ಮೂಲ ಇದೇ.

ಒಣ ಸೌನಾದ ಬಗ್ಗೆ ಒಳ್ಳೆಯ ಸಾಕ್ಷ್ಯ ಒಂದಿದೆ. 2008ರಲ್ಲಿ ಪ್ರಕಟವಾದ ಜರ್ಮನಿಯ ಅಧ್ಯಯನವೊಂದರಲ್ಲಿ 41 ಆರೋಗ್ಯವಂತರನ್ನು 80 ಡಿಗ್ರಿಯಲ್ಲಿ 15 ನಿಮಿಷದ ಎರಡು ಸುತ್ತು ಕೂರಿಸಿ ನೋಡಿದರು. ತಪ್ಪದೆ ಸೌನಾ ಮಾಡುವವರ ಮೇಲ್ಪದರ ಹೆಚ್ಚು ತೇವ ಹಿಡಿದಿತ್ತು, ಬಿಸಿಯ ನಂತರ ನೀರು ಸೋರುವುದು ಬೇಗ ಹತೋಟಿಗೆ ಬಂತು, ಹಣೆಯ ಜಿಡ್ಡು ಕಡಿಮೆ ಇತ್ತು. ಓದುವಾಗ ‘ಆರೋಗ್ಯವಂತರು’ ಎಂಬ ಮಾತನ್ನು ಬಿಡಬೇಡಿ. ಇಸಬು ಇದ್ದ ಚರ್ಮದ ಮೇಲೆ ಮಾಡಿದ ಪರೀಕ್ಷೆ ಅದಲ್ಲ.

ಬಯಲು ಮಾಡಲೇಬೇಕಾದ ಮೂರು ಸುಳ್ಳುಗಳಿವೆ. ರಂಧ್ರಗಳು ಬಿಸಿಗೆ ತೆರೆದು ತಣ್ಣೀರಿಗೆ ಮುಚ್ಚುವುದಿಲ್ಲ. ಅವಕ್ಕೆ ಹಾಗೆ ಮಾಡುವ ಸ್ನಾಯುವೇ ಇಲ್ಲ. ಬಿಸಿಗೆ ಒಳಗಿನ ಜಿಡ್ಡು ಮೆತ್ತಗಾಗುತ್ತದೆ, ಅಷ್ಟೇ. ಬೆವರಿನಲ್ಲಿ ‘ವಿಷ’ ಹೋಗುತ್ತದೆ ಎಂಬುದೂ ಬರೀ ಮಾತು: ಬೆವರು ಶೇ 99 ನೀರು, ಉಳಿದದ್ದರಲ್ಲಿ ಹೆಚ್ಚಿನದು ಉಪ್ಪು, ವಿಷ ತೆಗೆಯುವ ಕೆಲಸ ಯಕೃತ್ತು, ಮೂತ್ರಪಿಂಡದ್ದು. ಬಣ್ಣ ತಿಳಿಯಾಗುವುದೂ ಇಲ್ಲ. ಹೊರಗೆ ಬಂದಾಗ ಮುಖದಲ್ಲಿ ಕಾಣುವ ಕಳೆ ರಕ್ತ ಮೇಲಕ್ಕೆ ಹರಿದಿದ್ದರಿಂದ ಬಂದದ್ದು. ಸ್ವಲ್ಪ ಹೊತ್ತಿಗೆ ಇಳಿಯುತ್ತದೆ.

ಇನ್ಫ್ರಾರೆಡ್ ಕ್ಯಾಬಿನ್

ಒಬ್ಬರೋ ಇಬ್ಬರೋ ಕೂರುವ ಕಟ್ಟಿಗೆಯ ಪೆಟ್ಟಿಗೆ. ಗಾಳಿಯ ಬಿಸಿ 45ರಿಂದ 60 ಡಿಗ್ರಿ, ಆದರೆ ಗೋಡೆಯ ಫಲಕಗಳಿಂದ ಕಿರಣ ನೇರ ಮೈಗೆ ಬೀಳುತ್ತದೆ. ‘ಆಳಕ್ಕೆ ಇಳಿಯುವ ಶಾಖ’ ಎಂದು ಮಾರುವವರು ಹೇಳುವುದು ಸಾಮಾನ್ಯ. ಇಂಥ ಕ್ಯಾಬಿನ್ನುಗಳಲ್ಲಿ ಹೆಚ್ಚಾಗಿ ಇರುವ ದೂರದ ಅವಗೆಂಪು (ಫಾರ್ ಇನ್ಫ್ರಾರೆಡ್) ಕಿರಣ ಚರ್ಮದ ಮೇಲಿನ ಸುಮಾರು 0.1 ಮಿಲಿಮೀಟರಿನಲ್ಲೇ ಹೀರಿಹೋಗುತ್ತದೆ. ಒಳಕ್ಕೆ ಹೋಗುವುದು ರಕ್ತ ಹೊತ್ತೊಯ್ದ ಬಿಸಿ. ಹತ್ತಿರದ ಅವಗೆಂಪು (ನಿಯರ್ ಇನ್ಫ್ರಾರೆಡ್) ಕಿರಣ ಮಿಲಿಮೀಟರುಗಟ್ಟಲೆ ಇಳಿಯುತ್ತದೆ ನಿಜ. ಆದರೆ ಅದೇ ಮುಖಕ್ಕೆ ಎಚ್ಚರಿಕೆಯ ಕಾರಣ ಕೂಡ. ಚರ್ಮವನ್ನು ಪದೇಪದೇ ಕಾಯಿಸಿದರೆ ಚರ್ಮಕ್ಕೆ ಬಿಗಿ ಕೊಡುವ ಕೊಲಾಜನ್ ಪ್ರೋಟೀನನ್ನು ಕತ್ತರಿಸುವ ಕಿಣ್ವ ಹೆಚ್ಚುವುದು ಪ್ರಯೋಗಗಳಲ್ಲಿ ಕಂಡಿದೆ. ಸುಕ್ಕು ತಡೆಯಲೆಂದು ಇನ್ಫ್ರಾರೆಡ್ ಕ್ಯಾಬಿನ್ ಕೊಳ್ಳುವುದಕ್ಕೆ ನಮ್ಮ ಸಮ್ಮತಿ ಇಲ್ಲ.

ಇಲ್ಲಿ ಆಗುವ ತಪ್ಪು ಕೂರುವ ಅಂತರದ್ದು. ಬೆನ್ನನ್ನು ಫಲಕಕ್ಕೆ ಆನಿಸಿ ಅರ್ಧ ತಾಸು ಕೂತರೆ ಅದೇ ಜಾಗಕ್ಕೆ ವಾರಗಟ್ಟಲೆ ಶಾಖ ಬಿದ್ದು ಬಲೆಯ ಹಾಗೆ ಕಂದು ಗೆರೆಗಳು ಮೂಡಬಹುದು. ಸುಡುವಷ್ಟು ಬಿಸಿ ಬೇಕಿಲ್ಲ. 43ರಿಂದ 47 ಡಿಗ್ರಿಯ ಶಾಖ ದಿನಾ ಒಂದೇ ಕಡೆ ತಾಗಿದರೆ ಸಾಕು. ಒಲೆ ಮುಂದೆ ಕೂತು ವರ್ಷಗಟ್ಟಲೆ ರೊಟ್ಟಿ ಬಡಿದವರ ಮೊಣಕಾಲ ಕೆಳಗೆ, ಹೊಟ್ಟೆಗೆ ಬಿಸಿನೀರಿನ ಚೀಲ ಇಟ್ಟು ಮಲಗುವವರ ಹೊಟ್ಟೆಯ ಮೇಲೆ ಬರುವ ಕಲೆಯೂ ಇದೇ ಜಾತಿಯದು. ಬೆನ್ನಿಗೂ ಫಲಕಕ್ಕೂ ಒಂದು ಗೇಣಿನ ಅಂತರ, ನಡುವೆ ಕಟ್ಟಿಗೆಯ ಪಟ್ಟಿ, 20 ನಿಮಿಷಕ್ಕೆ ಗಡಿ. ಗೆರೆ ಕಂಡ ದಿನವೇ ನಿಲ್ಲಿಸಿದರೆ ಕಲೆ ಮೆಲ್ಲಗೆ ಮಾಸುತ್ತದೆ. ಮುಂದುವರಿಸಿದರೆ ಕಾಯಂ.

ತಲೆ ಹೊರಗಿರುವ ಪೆಟ್ಟಿಗೆ ಮತ್ತು ಟೆಂಟು

ಆಯುರ್ವೇದದ ಸ್ವೇದನ (ಬೆವರಿಸುವ) ಪೆಟ್ಟಿಗೆಯನ್ನು ಹಳೆಯದೆಂದು ಬದಿಗಿಡುವವರು ಅದರ ಒಂದು ದೊಡ್ಡ ಗುಣವನ್ನು ಗಮನಿಸಿರುವುದಿಲ್ಲ: ಕುತ್ತಿಗೆಯ ಮೇಲಿನದೆಲ್ಲ ಹೊರಗೆ. ಚರಕ ಸಂಹಿತೆ ಬೆಂಕಿಯಿಂದ ಬೆವರಿಸುವ 13 ಬಗೆ ಹೇಳುತ್ತದೆ. ನಡುವೆ ಒಲೆ ಇಟ್ಟ ಗುಂಡನೆಯ ಗುಡಿಸಲಿನ ಜೇಂತಾಕ ಸ್ವೇದ ಕೇಳಿದರೆ ಸೌನಾದ ವಿವರಣೆಯೇ ಅನ್ನಿಸುತ್ತದೆ. ಅಲ್ಲಿಯೂ ಕಣ್ಣು, ಎದೆ, ವೃಷಣಕ್ಕೆ ಬಿಸಿ ತಾಗದಂತೆ ನೋಡಿಕೊಳ್ಳಲು ಹೇಳಿದೆ. ಹುಬ್ಬಳ್ಳಿ, ಗದಗದ ಆಯುರ್ವೇದ ಕಾಲೇಜುಗಳ ಪಂಚಕರ್ಮ ವಿಭಾಗಗಳಲ್ಲಿ ಮೊದಲು ಎಣ್ಣೆ ತಿಕ್ಕಿ ಆಮೇಲೆ ಪೆಟ್ಟಿಗೆಯಲ್ಲಿ ಕೂರಿಸುತ್ತಾರೆ. ಒಣಚರ್ಮಕ್ಕೆ ಈ ಕ್ರಮ ಒಪ್ಪುತ್ತದೆ, ಯಾಕೆಂದರೆ ಎಣ್ಣೆಯ ಪದರ ನೀರು ಸೋರುವುದನ್ನು ತಡೆಯುತ್ತದೆ. ಬೆನ್ನಮೇಲೆ ಮೊಡವೆ ಇದ್ದವರಿಗೆ ಒಪ್ಪುವುದಿಲ್ಲ. ಎಣ್ಣೆ ಹಚ್ಚಿಕೊಂಡು ಒಣ ಸೌನಾಕ್ಕೆ ಮಾತ್ರ ಹೋಗಬೇಡಿ. ಬೆವರು ಆರುವುದಕ್ಕೆ ಅಡ್ಡಿ, ಬೆಂಚು ಜಾರು, ಕಟ್ಟಿಗೆಗೂ ಕಲೆ.

ಮನೆಗೆ ತರಿಸುವ ಮಡಚುವ ಉಗಿ ಟೆಂಟು ಇದೇ ಪೆಟ್ಟಿಗೆಯ ಅಗ್ಗದ ರೂಪ. ಎರಡು ಲೀಟರಿನ ಪಾತ್ರೆ, ಒಂದು ಕಿಲೊವ್ಯಾಟ್ ಆಸುಪಾಸಿನ ಹೀಟರ್, ಒಂದು ಕೊಳವೆ. ಬಂಗು ಅಥವಾ ಮುಖ ಕೆಂಪಾಗಿ ಉರಿಯುವ ರೊಸೇಶಿಯಾ ಇದ್ದು, ಬೆನ್ನು-ಸೊಂಟಕ್ಕೆ ಬಿಸಿ ಬೇಕೆನ್ನುವವರಿಗೆ ನಮ್ಮ ಮೊದಲ ಆಯ್ಕೆ ಇದು. ಆದರೆ ಸುಟ್ಟ ಗಾಯ ಆಗುವುದೂ ಇದರಲ್ಲೇ ಹೆಚ್ಚು ಸುಲಭ. ಕೊಳವೆಯ ಬಾಯಿ ಟೆಂಟಿನ ತಳದಲ್ಲಿ, ಮೀನಖಂಡದ ಮಟ್ಟಕ್ಕೆ ಇರುತ್ತದೆ. ಅಲ್ಲಿ ಬರುವ ಉಗಿ 50 ಡಿಗ್ರಿಯದಲ್ಲ, ಕುದಿಯುವ ನೀರಿನದು. ಬಾಯಿಗೆ ಕಟ್ಟಿಗೆಯ ಗೂಡು ಇಲ್ಲದ ಟೆಂಟು ಕೊಳ್ಳಬೇಡಿ. ಇದ್ದರೂ ಕಾಲು ಒಂದು ಅಡಿ ದೂರವಿರಲಿ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರು ಇದನ್ನು ಬಳಸಲೇಬಾರದು: ಸುಡುವುದು ತಿಳಿಯುವ ಹೊತ್ತಿಗೆ ಗುಳ್ಳೆ ಎದ್ದಿರುತ್ತದೆ.

ನೀಲಗಿರಿ ಎಣ್ಣೆ ಸುರಿಯುವ ಚಟ ಬಹಳ ಮಂದಿಗೆ. ಪಾತ್ರೆಯೊಳಗೆ ನೇರ ಹಾಕಿದರೆ ರಬ್ಬರ್ ಸೀಲು ಹಾಳು, ಚರ್ಮಕ್ಕೂ ಉರಿ. ಗಿಡಮೂಲಿಕೆ ಇಡುವ ಚಿಕ್ಕ ಡಬ್ಬಿಯಲ್ಲಿ ಎರಡು ಹನಿ ಸಾಕು.

ಪಾತ್ರೆಯ ನೀರಿನದೂ ಒಂದು ಕತೆ. ಗದಗ, ಹಾವೇರಿಯ ಎಷ್ಟೋ ಕಡೆ ಬೋರಿನ ನೀರು ಗಡಸು. ಕುದಿದಾಗ ಅದರ ಸುಣ್ಣ ಹೀಟರಿನ ಸುರುಳಿಗೆ ಬೆಳ್ಳಗೆ ಪೊರೆಗಟ್ಟುತ್ತದೆ. ಉಗಿ ಬರುವುದು ತಡವಾಗುತ್ತದೆ, ಸುರುಳಿ ಒಳಗೊಳಗೇ ಕಾದು ಸುಟ್ಟುಹೋಗುತ್ತದೆ. ಉಗಿಯಲ್ಲಿ ಸುಣ್ಣ ಬರುವುದಿಲ್ಲ, ಹಾಗಾಗಿ ಚರ್ಮಕ್ಕೆ ನೇರ ತೊಂದರೆ ಇಲ್ಲ. ಆದರೆ ಪಾತ್ರೆ ತುಂಬಿ ಉಕ್ಕಿದಾಗ ಕೊಳವೆಯಿಂದ ಸಿಡಿಯುವ ಬಿಸಿ ಹನಿ ತೊಂದರೆಯೇ. ಶುದ್ಧನೀರಿನ ಘಟಕದಿಂದ ತಂದ ನೀರು ಹಾಕಿ. ಇಲ್ಲವೆ ಎಂಟು-ಹತ್ತು ಬಳಕೆಗೊಮ್ಮೆ ಒಂದು ಲೀಟರ್ ನೀರಿಗೆ ಎರಡು ಚಮಚ ಸಿಟ್ರಿಕ್ ಆಮ್ಲದ ಪುಡಿ ಹಾಕಿ, ಬೆಚ್ಚಗೆ ಮಾಡಿ ಅರ್ಧ ತಾಸು ಬಿಟ್ಟು ತೊಳೆಯಿರಿ. ಮುಖಕ್ಕೆ ಹಿಡಿಯುವ ಚಿಕ್ಕ ಪ್ಲಾಸ್ಟಿಕ್ ಉಗಿಯಂತ್ರದ ಮಾತು ಬೇರೆ. ಅದರಲ್ಲಿ ಎರಡು ಲೋಹದ ಪಟ್ಟಿಗಳ ನಡುವೆ ನೀರಿನ ಮೂಲಕವೇ ವಿದ್ಯುತ್ ಹರಿದು ಕಾಯುವುದರಿಂದ ಶುದ್ಧನೀರು ಹಾಕಿದರೆ ಉಗಿಯೇ ಬರುವುದಿಲ್ಲ. ನಳದ ನೀರೇ ಸರಿ.

ಹಂಡೆಯ ನೀರು

ನಮ್ಮ ಕಡೆ ಬಚ್ಚಲೊಲೆಗೆ ಬೆಂಕಿ ಹಾಕಿ, ಹಂಡೆ ಕಾಯಿಸಿ, ಎಣ್ಣೆ ಹಚ್ಚಿ ಎರಕೊಳ್ಳುವ ರೂಢಿ ಇನ್ನೂ ಪೂರ್ತಿ ಹೋಗಿಲ್ಲ. ಬಾಗಿಲು ಹಾಕಿದ ಬಚ್ಚಲಿನಲ್ಲಿ ಹಂಡೆ ಕಾಯುವಾಗ ಆಗುವ ಬೆಚ್ಚನೆಯ ಉಗಿ ಮೆತ್ತನೆಯ ಉಗಿಕೋಣೆಯೇ. ಒಣಚರ್ಮಕ್ಕೆ, ವಯಸ್ಸಾದವರಿಗೆ, ಹಿಮ್ಮಡಿ ಒಡೆದವರಿಗೆ ಇದಕ್ಕಿಂತ ಒಳ್ಳೆಯದು ಈ ಪಟ್ಟಿಯಲ್ಲಿಲ್ಲ. ಷರತ್ತು ಒಂದೇ: ನೀರು ಸುಡಬಾರದು. ಎಣ್ಣೆ ಜಳಕದ ಲಾಭವನ್ನೆಲ್ಲ ಕುದಿನೀರು ತೆಗೆದುಬಿಡುತ್ತದೆ. 42 ಡಿಗ್ರಿ ದಾಟಿದ ನೀರು ಚರ್ಮದ ಸ್ವಂತ ಜಿಡ್ಡನ್ನು ಕರಗಿಸಿ ಒಯ್ಯುತ್ತದೆ, ಕಡಿತ ಇದ್ದರೆ ಹೆಚ್ಚಿಸುತ್ತದೆ.

ಅಳತೆ ಹೀಗೆ ಮಾಡಿ. ತೊಟ್ಟಿಯ ತಣ್ಣೀರು 22 ಡಿಗ್ರಿ ಇದ್ದಾಗ ಒಂದು ತಂಬಿಗೆ ಕುದಿನೀರಿಗೆ ನಾಲ್ಕು ತಂಬಿಗೆ ತಣ್ಣೀರು ಬೆರೆಸಿದರೆ ಹತ್ತಿರಹತ್ತಿರ 38 ಡಿಗ್ರಿ. ಮೈಗೆ ಹಿತ, ಚರ್ಮಕ್ಕೂ ಹಿತ. ಮೂರೇ ತಂಬಿಗೆ ಬೆರೆಸಿದರೆ 41-42, ಇಸಬು ಇದ್ದವರಿಗೆ ಆಗದು. ಬೇಸಿಗೆಯಲ್ಲಿ ಟಾಕಿಯ ನೀರೇ 28 ಡಿಗ್ರಿ ಇರುವಾಗ ನಾಲ್ಕು ತಂಬಿಗೆಯ ಲೆಕ್ಕವೂ 42 ಮುಟ್ಟುತ್ತದೆ. ಆಗ ಐದು-ಆರು ಬೇಕು. ಕೈಯಿಂದ ನೋಡುವುದಾದರೆ ಅಂಗೈಯಿಂದ ನೋಡಬೇಡಿ, ಪಾತ್ರೆ ತಿಕ್ಕಿದ ಅಂಗೈಗೆ ಬಿಸಿ ಗೊತ್ತಾಗುವುದಿಲ್ಲ. ಮೊಣಕೈ ಅದ್ದಿ ನೋಡಿ.

ಎಣ್ಣೆ ಯಾವುದು? ಈ ಭಾಗದ ಭಾಗ್ಯ ಕುಸುಬಿ ಎಣ್ಣೆ. ಚರ್ಮದ ತಡೆಗೋಡೆಗೆ ಬೇಕಾದ ಲಿನೊಲಿಕ್ ಆಮ್ಲ ಅದರಲ್ಲಿ ಹೇರಳ. ಗಾಣದ್ದು ಸಿಕ್ಕರೆ ವಾಸನೆ ನೋಡಿ ತನ್ನಿ. ಬೇಗ ಕಮಟು ಹಿಡಿಯುವ ಎಣ್ಣೆ ಅದು, ಕಮಟಿದ್ದನ್ನು ಮೈಗೆ ಹಚ್ಚಬಾರದು. ಕೊಬ್ಬರಿ ಎಣ್ಣೆಯೂ ಮೈಗೆ ಒಳ್ಳೆಯದು, ಮೊಡವೆ ಇರುವ ಮುಖಕ್ಕೆ ಬೇಡ. ಧಾರವಾಡದ ಜನವರಿಯ ಬೆಳಗಿನಲ್ಲಿ ಅದು ಬಾಟಲಿಯಲ್ಲೇ ಹೆಪ್ಪುಗಟ್ಟಿದ್ದರೆ ಬಿಸಿನೀರಿನ ತಂಬಿಗೆಯಲ್ಲಿ ಬಾಟಲಿ ಇಟ್ಟು ಕರಗಿಸಿ. ಸಾಸಿವೆ ಎಣ್ಣೆ ಮತ್ತು ಆಲಿವ್ ಎಣ್ಣೆ ಕೂಸುಗಳ ಮೈಗೆ, ಇಸಬಿನ ಮೈಗೆ ಹಚ್ಚಬೇಡಿ. ಎರಡೂ ತಡೆಗೋಡೆಯನ್ನು ಸಡಿಲ ಮಾಡುತ್ತವೆ. ಎಣ್ಣೆ ತೆಗೆಯಲು ಕಡಲೆಹಿಟ್ಟು ಅಥವಾ ಹೆಸರುಹಿಟ್ಟು ಅಂಗೈಯಲ್ಲಿ ಸವರಿದರೆ ಸಾಕು. ಗಡಸು ನೀರಿನಲ್ಲಿ ಸಾಬೂನು ನೊರೆಯಾಗದೆ ಅಂಟು ಗಸಿಯಾಗಿ ಮೈಮೇಲೆ ಕೂತು ಕಡಿತ ತರುತ್ತದೆ.

ಬಚ್ಚಲೊಲೆಗೆ ಹೊಗೆ ಹೋಗುವ ದಾರಿ ಇರಲೇಬೇಕು. ಬಾಣಂತಿ ಕೋಣೆಯಲ್ಲಿ ಬಾಗಿಲು-ಕಿಟಕಿ ಬಿಗಿದು ಅಗ್ಗಿಷ್ಟಿಗೆ ಇಡುವುದು, ಗಾಳಿಯಾಡದ ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಉರಿಸುವುದು, ಇವೆರಡರಲ್ಲೂ ಬಣ್ಣ-ವಾಸನೆ ಇಲ್ಲದ ಕಾರ್ಬನ್ ಮೊನಾಕ್ಸೈಡ್ ತುಂಬಿ ಜೀವಕ್ಕೇ ಎರವಾಗುತ್ತದೆ. ಇದರಲ್ಲಿ ‘ಸ್ವಲ್ಪ ಹೊತ್ತು ನಡೀತದೆ’ ಎಂಬುದಿಲ್ಲ.

ನಿಮ್ಮ ಚರ್ಮದ ತೊಂದರೆ ಯಾವುದು?

ಗಜಕರ್ಣ ಇದ್ದರೆ ಸಾರ್ವಜನಿಕ ಸೌನಾ, ಉಗಿಕೋಣೆ ಎರಡೂ ಬಂದ್. ಹಸಿಯಲ್ಲಿ ಆ ಶಿಲೀಂಧ್ರ ಸೊಕ್ಕುತ್ತದೆ, ಟವೆಲಿನಿಂದ ಮನೆಮಂದಿಗೂ ಹಬ್ಬುತ್ತದೆ. ಅಂಗಡಿಯಲ್ಲಿ ಕೇಳಿ ತಂದ ಸ್ಟಿರಾಯ್ಡ್ ಬೆರಕೆಯ ಮುಲಾಮು ಹಚ್ಚುತ್ತಿರುವವರಿಗೆ ಇನ್ನೂ ಕೇಡು: ಬಿಸಿ ಮತ್ತು ತೇವದಲ್ಲಿ ಔಷಧ ಹೆಚ್ಚು ಒಳಗಿಳಿಯುತ್ತದೆ, ಚರ್ಮ ತೆಳುವಾಗುತ್ತದೆ, ಗಜಕರ್ಣ ಮಾತ್ರ ಉಳಿಯುತ್ತದೆ. ಹುಬ್ಬಳ್ಳಿಯ ಕೆಎಂಸಿ-ಆರ್‌ಐ (ಹಿಂದಿನ ಕಿಮ್ಸ್)‌ನಂಥ ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ತೋರಿಸಿ, ಹೇಳಿದಷ್ಟು ವಾರ ಗುಳಿಗೆ ಮುಗಿಸಿ, ಆಮೇಲೆ ಸೌನಾ ಮಾತು. ಎದೆ-ಬೆನ್ನಿಗೆ ಸಿಬ್ಬ ಏಳುವವರು ಉಗಿ ಬಿಟ್ಟು ಒಣ ಸೌನಾಕ್ಕೆ ಹೋಗಬಹುದು. ಬಂದ ಕೂಡಲೇ ಬೆವರು ತೊಳೆಯಬೇಕು, ಒದ್ದೆ ಬನಿಯನ್ ಮೈಮೇಲೆ ಇರಬಾರದು.

ಬಂಗು ಬಿಸಿಲಿಗೆ ಮಾತ್ರ ಕಪ್ಪಾಗುತ್ತದೆ ಎಂದುಕೊಂಡವರು ಬಹಳ. ಬರೀ ಶಾಖವೂ ಅದನ್ನು ಕೆದಕುತ್ತದೆ. ದುಬಾರಿ ಕ್ರೀಮು ಹಚ್ಚಿ ಆರು ತಿಂಗಳಲ್ಲಿ ಇಳಿಸಿದ್ದನ್ನು ವಾರಕ್ಕೆ ಮೂರು ಸಲ ಉಗಿಗೆ ಮುಖ ಒಡ್ಡಿ ಮರಳಿ ತಂದುಕೊಳ್ಳಬೇಡಿ.

ಇಸಬು ಇದ್ದವರಿಗೆ ಬೆವರೇ ಶತ್ರು. ಉಪ್ಪಿನ ಬೆವರು ಒಡೆದ ಚರ್ಮದಲ್ಲಿ ಇಳಿದು ಉರಿಯುತ್ತದೆ, ಕೆರೆತ ಶುರುವಾಗುತ್ತದೆ. ಇಸಬು ಆರಿರುವಾಗ 60-70 ಡಿಗ್ರಿಯ ಕೆಳ ಬೆಂಚಿನಲ್ಲಿ ಐದು ನಿಮಿಷ ಕೂತು, ತೊಳೆದು, ಮರುದಿನ ಹೇಗಿದೆ ನೋಡಿ ಮುಂದುವರಿಯಬಹುದು. ಕೆಂಪಾಗಿ ನೀರು ಸೋರುವಾಗ ಏನೂ ಬೇಡ. ಸೋರಿಯಾಸಿಸ್ ಇರುವ ಕೆಲವರಿಗೆ ಹಕ್ಕಳೆ ಮೆತ್ತಗಾಗಿ ಮುಲಾಮು ಚೆನ್ನಾಗಿ ಹತ್ತುತ್ತದೆ, ಆದರೆ ಹಕ್ಕಳೆ ಕಿತ್ತರೆ ಕಿತ್ತಲ್ಲೇ ಹೊಸದು ಏಳುತ್ತದೆ. ಬಿಸಿಯಾದ ಕೆಲವೇ ನಿಮಿಷಕ್ಕೆ ಚಿಕ್ಕಚಿಕ್ಕ ಗಂಧೆ ಏಳುವ ಮೈಯವರಿಗೆ ಯಾವ ಬೆವರುಕೋಣೆಯೂ ಬೇಡ. ತುಟಿ ಬಾತು ಉಸಿರು ಕಟ್ಟಿದರೆ ಅದು ತುರ್ತು, ಸೀದಾ ಆಸ್ಪತ್ರೆ.

ಮೊಡವೆಗೆ? ಜಿಡ್ಡಿನ ಚರ್ಮಕ್ಕೆ ಒಣ ಸೌನಾ ವಾರಕ್ಕೆ ಒಂದೆರಡು ಸಲ ನಡೆಯುತ್ತದೆ, ತಕ್ಷಣ ಮುಖ ತೊಳೆದರೆ. ಉಗಿ ಹಿಡಿದು ಒತ್ತಿ ತೆಗೆಯುವುದರಿಂದ ಮಾತ್ರ ನಮ್ಮ ಬಣ್ಣದ ಚರ್ಮದಲ್ಲಿ ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ. ರೆಟಿನಾಯ್ಡ್ ಕ್ರೀಮು, ಪೀಲಿಂಗ್, ವ್ಯಾಕ್ಸಿಂಗ್ ಆಗಿದ್ದರೆ ಎರಡು ದಿನ ಬಿಡಿ. ಬಸುರಿಯರು, ಹೃದಯದ ತೊಂದರೆ ಇದ್ದವರು, ಮೈಗೆ ಔಷಧದ ಪಟ್ಟಿ ಅಂಟಿಸಿಕೊಂಡವರು ವೈದ್ಯರನ್ನು ಕೇಳದೆ ಹೋಗಬಾರದು. ಬಿಸಿಗೆ ಪಟ್ಟಿಯ ಔಷಧ ಒಮ್ಮೆಲೇ ಹೆಚ್ಚು ರಕ್ತಕ್ಕೆ ಸೇರುತ್ತದೆ. ಕುಡಿದು ಹೋಗುವುದಂತೂ ಸಲ್ಲದು.

ಬ್ಯಾಡಗಿ ಮೆಣಸಿನಕಾಯಿ ಕೆಲಸದವರಿಗೆ ಬೇರೆಯೇ ಎಚ್ಚರಿಕೆ ಇದೆ. ಕಡ್ಡಿ, ಡಬ್ಬಿ ಜಾತಿಗಳಲ್ಲಿ ಬಣ್ಣ ಹೆಚ್ಚು, ಖಾರ ಕಡಿಮೆ. ಆದರೂ ದಿನವಿಡೀ ತುಂಬು (ತೊಟ್ಟು) ಬಿಡಿಸಿದ ಕೈ, ಧೂಳು ಕೂತ ಕುತ್ತಿಗೆ ಹೊತ್ತುಕೊಂಡು ಉಗಿಗೆ ಹೋದರೆ ಮೈ ಬೆಂಕಿಯಾಗುತ್ತದೆ. ಖಾರಕ್ಕೂ, 43 ಡಿಗ್ರಿ ಮೇಲಿನ ಬಿಸಿಗೂ ಮಿಡಿಯುವ ನರತುದಿಯ ಗ್ರಾಹಕ ಒಂದೇ. ಅದನ್ನು ಮೆಣಸಿನಕಾಯಿಯ ಖಾರದಿಂದಲೇ ಕಂಡುಹಿಡಿದ ಡೇವಿಡ್ ಜೂಲಿಯಸ್ ಅವರಿಗೆ 2021ರ ನೊಬೆಲ್ ಪಾಲು ಸಂದಿತು. ಖಾರ ನೀರಿಗೆ ಬಿಡುವುದಿಲ್ಲ, ಎಣ್ಣೆಗೆ ಬಿಡುತ್ತದೆ. ಮೊದಲು ಕೈಗೆ ಅಡಿಗೆ ಎಣ್ಣೆ ಚೆನ್ನಾಗಿ ತಿಕ್ಕಿ ಒರೆಸಿ, ಆಮೇಲೆ ಪಾತ್ರೆ ತೊಳೆಯುವ ಸೋಪಿನಿಂದ ತಣ್ಣೀರಿನಲ್ಲಿ ತೊಳೆಯಿರಿ. ಉರಿ ಪೂರ್ತಿ ಇಳಿದ ಮೇಲೆ ಬಿಸಿನೀರು.

ಒಳಗೆ ಹೋಗುವ ಮುಂಚೆ, ಬಂದ ಮೇಲೆ

ಒಡವೆ ತೆಗೆಯಿರಿ. ಬಂಗಾರವಾದರೂ ಲೋಹ ಲೋಹವೇ, 90 ಡಿಗ್ರಿಯಲ್ಲಿ ಕಿವಿಯ ಬೆಂಡೋಲೆ, ಕೊರಳ ಸರ ಸುಡುತ್ತವೆ. ಪಾಲಿಶ್ ಹಾಕಿದ ನಕಲಿ ಒಡವೆಯಲ್ಲಿ ನಿಕ್ಕಲ್ ಇದ್ದರೆ ಬೆವರು ಅದನ್ನು ಕರಗಿಸಿ ಚರ್ಮಕ್ಕೆ ಬಿಡುತ್ತದೆ. ಕೊರಳ ಸುತ್ತ ಸರದ ಆಕಾರದಲ್ಲೇ ಕಡಿತದ ಗೆರೆ ಎದ್ದರೆ ಕಾರಣ ಅದು. ತಾಳಿ ತೆಗೆಯಲು ಮನಸ್ಸಾಗದವರು ಅರಿಶಿಣದ ದಾರಕ್ಕೆ ಪೋಣಿಸಿಕೊಂಡು ಒಣ ಟವೆಲ್ಲಿನ ಮೇಲೆ ಇಳಿಬಿಡಬಹುದು.

ಉಗುರುಬೆಚ್ಚಗಿನ ನೀರು ಹಾಕಿಕೊಂಡು ಮೈ ಪೂರ್ತಿ ಒರೆಸಿಕೊಂಡು ಹೋಗಿ. ಒಣಗಿದ ಮೈಯಲ್ಲಿ ಬೆವರು ಬೇಗ ಒಡೆಯುತ್ತದೆ. ಎರಡು ಲೋಟ ನೀರು ಕುಡಿದಿರಿ. ಬೆಂಚಿನ ಮೇಲೆ ನಿಮ್ಮದೇ ಟವೆಲ್ ಹಾಸಿ, ಕಾಲಕೆಳಗೂ ಒಂದು. ಮೊದಲ ಸಲ ಕೆಳಗಿನ ಬೆಂಚು, 8 ನಿಮಿಷ. ಛಾವಣಿಯ ಹತ್ತಿರಕ್ಕೂ ಕೆಳಕ್ಕೂ ಇಪ್ಪತ್ತು ಡಿಗ್ರಿಗೂ ಮೇಲೆ ವ್ಯತ್ಯಾಸ ಇರುತ್ತದೆ. ರೂಢಿಯಾದವರಿಗೆ 10ರಿಂದ 15 ನಿಮಿಷದ ಎರಡು ಸುತ್ತು, ನಡುವೆ ಹತ್ತು ನಿಮಿಷ ಹೊರಗೆ. ಚರ್ಮದ ಲೆಕ್ಕದಲ್ಲಿ ವಾರಕ್ಕೆ ಎರಡು ದಿನ ಧಾರಾಳವಾಯಿತು. ಕೆಂಪೇರುವುದನ್ನು ನೋಡಿ ಏಳುತ್ತೇನೆ ಎಂದು ಕಾಯಬೇಡಿ, ಕಪ್ಪು-ಗೋಧಿ ಬಣ್ಣದ ಮೈಯಲ್ಲಿ ಕೆಂಪು ಕಾಣುವುದಿಲ್ಲ. ಚುಚ್ಚಿದಂತಾದರೆ, ತಲೆ ತಿರುಗಿದರೆ ಏಳಿ.

ಸುಖ-ದುಃಖ ತೀರ್ಮಾನವಾಗುವುದು ಹೊರಗೆ ಬಂದ ಮೇಲಿನ ಹತ್ತು ನಿಮಿಷದಲ್ಲಿ. ಮೊದಲು ಬೆವರು ನಿಲ್ಲಲಿ, ಗಾಳಿಗೆ ಕೂರಿ. ಆಮೇಲೆ ತಣ್ಣಗಿನ ನಳದ ನೀರಿನಲ್ಲಿ ಉಪ್ಪು ತೊಳೆಯಿರಿ. ಸಾಬೂನು ಕಂಕುಳು, ತೊಡೆಸಂದಿಗೆ ಮಾತ್ರ. ಕಲ್ಲು, ಹೀರೆ ನಾರು ಹಿಡಿದು ತಿಕ್ಕುವ ಆಸೆ ಆಗುವುದು ಈಗಲೇ, ಮೇಲ್ಪದರ ಮೆತ್ತಗಿರುತ್ತದೆ. ಹಿಮ್ಮಡಿ ಬಿಟ್ಟು ಬೇರೆಲ್ಲೂ ತಿಕ್ಕಬೇಡಿ. ಟವೆಲ್ ಒತ್ತಿ ಒರೆಸಿ, ಮೈ ಇನ್ನೂ ಹಸಿಹಸಿ ಇರುವಾಗಲೇ ಮೂರು ನಿಮಿಷದೊಳಗೆ ಗ್ಲಿಸರಿನ್ ಕ್ರೀಮು ಅಥವಾ ಎಣ್ಣೆ ಹಚ್ಚಿ. ಕ್ರೀಮಾದರೆ ತೋರುಬೆರಳ ತುದಿಯ ಗೆಣ್ಣಿನಷ್ಟು ಉದ್ದದ ಗೆರೆ ಅರ್ಧ ಗ್ರಾಂ, ಎರಡು ಅಂಗೈ ಅಗಲಕ್ಕೆ ಸಾಲುತ್ತದೆ. ದೊಡ್ಡವರ ಇಡೀ ಮೈಗೆ 20 ಗ್ರಾಂ ಬೇಕು. ಹೆಚ್ಚಿನವರು ಇದರ ಕಾಲುಭಾಗವನ್ನೂ ಹಚ್ಚುವುದಿಲ್ಲ, ಆಮೇಲೆ ಸೌನಾದಿಂದ ಮೈ ಒಣಗಿತು ಎನ್ನುತ್ತಾರೆ. ಕುಡಿಯಲು ಉಪ್ಪು ಹಾಕಿದ ಮಜ್ಜಿಗೆ ಎರಡು ಲೋಟ.

ಫಿನ್ಲೆಂಡಿನವರಿಗೆ ಬಾಗಿಲು ತೆರೆದರೆ ಹಿಮ. ಗದಗಿನ ಏಪ್ರಿಲ್ಲಿನಲ್ಲಿ ಬಾಗಿಲು ತೆರೆದರೆ 38 ಡಿಗ್ರಿ. ಮೈ ತಣಿಯುವುದಿಲ್ಲ, ಬಟ್ಟೆ ಹಾಕಿದ ಮೇಲೂ ಬೆವರು ನಿಲ್ಲುವುದಿಲ್ಲ, ಮರುದಿನ ಬೆನ್ನತುಂಬ ಬೆವರುಸಾಲೆ. ಮಾರ್ಚಿನಿಂದ ಮೇ ತನಕ ಬಿಡುವುದೇ ಲೇಸು. ಬಿಡಲಾರದವರು ಬೆಳಗ್ಗೆ ಏಳರೊಳಗೆ ಮುಗಿಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಧಾರವಾಡ, ಹಾನಗಲ್ ಕಡೆಯ ಹಸಿಗಾಳಿಯಲ್ಲಿ ಉಗಿಗಿಂತ ಒಣ ಸೌನಾ ಮೇಲು. ನವೆಂಬರಿನಿಂದ ಫೆಬ್ರುವರಿ ಎಣ್ಣೆ ಜಳಕದ ಕಾಲ.

ಜಿಮ್ಮಿಗೆ ಹಣ ಕಟ್ಟುವ ಮುಂಚೆ ಬೆಂಚಿನ ಹಲಗೆಯ ಕೆಳಭಾಗಕ್ಕೆ ಕೈ ಹಾಕಿ ನೋಡಿ. ಲೋಳೆ ಹತ್ತಿದರೆ ಹೊರಟುಬನ್ನಿ. ಹಲಗೆಯ ಮೊಳೆ ಮೇಲೆದ್ದಿದ್ದರೆ ತೊಡೆಗೆ ಬರೆ ಗ್ಯಾರಂಟಿ. ಒಳಗೆ ಥರ್ಮಾಮೀಟರ್ ಇರಬೇಕು, ಬಾಗಿಲು ಹೊರಕ್ಕೆ ತೆರೆಯಬೇಕು, ಒಳಗೆ ಚಿಲಕ ಇರಬಾರದು.

ಮನೆಯಲ್ಲೇ ಮಾಡಿಸುವುದಾದರೆ

ಸೌನಾಕ್ಕೆ ಒಂದು ಘನಮೀಟರಿಗೆ ಒಂದು ಕಿಲೊವ್ಯಾಟ್ ಎಂಬುದು ರೂಢಿಯ ಲೆಕ್ಕ. ಐದಡಿ ಉದ್ದ, ಐದಡಿ ಅಗಲ, ಆರೂವರೆ ಅಡಿ ಎತ್ತರದ ಕೋಣೆಗೆ 4.5 ಕಿಲೊವ್ಯಾಟ್ ಹೀಟರ್, ಅಂದರೆ ಸುಮಾರು 20 ಆಂಪಿಯರ್. ಗೀಸರಿನ 16 ಆಂಪಿಯರ್ ಪ್ಲಗ್ ಇದಕ್ಕೆ ಆಗದು. ಪ್ರತ್ಯೇಕ 4 ಚದರ ಮಿಲಿಮೀಟರಿನ ತಾಮ್ರದ ತಂತಿ, ಪ್ರತ್ಯೇಕ ಎಂಸಿಬಿ (ಲೋಡ್ ಮೀರಿದರೆ ಬೀಳುವ ಸ್ವಿಚ್ಚು), ಕರೆಂಟ್ ಸೋರಿದರೆ ತಾನೇ ಬೀಳುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಬೇಕು. ಹೆಸ್ಕಾಂ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟಿದೆ ನೋಡಿ; ಎರಡು-ಮೂರು ಕಿಲೊವ್ಯಾಟ್ ಇದ್ದರೆ ಮೊದಲು ಹೆಚ್ಚಿಸಿಕೊಳ್ಳಬೇಕು. ಕಲ್ಲು ಹಳ್ಳದಿಂದ ಆರಿಸಿ ತರಬೇಡಿ, ಒಳಗೆ ನೀರು ಹಿಡಿದ ಕಲ್ಲು ಕಾದಾಗ ಸಿಡಿಯುತ್ತದೆ. ಅಂಟು ಬಿಡುವ ಪೈನ್ ಹಲಗೆಯೂ ಬೆಂಚಿಗೆ ಬೇಡ.

ಕರೆಂಟಿನ ಲೆಕ್ಕ: ಕಾಯಲು ಅರ್ಧ ತಾಸು, ಬಳಕೆಗೆ ಮುಕ್ಕಾಲು ತಾಸು ಹಿಡಿದರೆ ಒಂದು ಸಲಕ್ಕೆ ಸುಮಾರು 5 ಯೂನಿಟ್, ತಿಂಗಳಿಗೆ ಎಂಟು ಸಲಕ್ಕೆ 40. ಇನ್ಫ್ರಾರೆಡ್ ಕ್ಯಾಬಿನ್ 1.8 ಕಿಲೊವ್ಯಾಟಿನದಾದರೆ ಅದೇ ಎಂಟು ಸಲಕ್ಕೆ 11, ಟೆಂಟಿಗೆ 6. ಗೃಹಜ್ಯೋತಿಯಲ್ಲಿ ಇರುವ ಮನೆ ಈ 40 ಯೂನಿಟ್ ಸೇರಿ ತಿಂಗಳಿಗೆ 200 ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕಾಗುತ್ತದೆ, ದಾಟಿದ್ದಕ್ಕಷ್ಟೇ ಅಲ್ಲ. ಕಳೆದ ಮೂರು ತಿಂಗಳ ಬಿಲ್ಲು ಮುಂದಿಟ್ಟುಕೊಂಡು ಆರ್ಡರ್ ಕೊಡಿ. ಬೆವರಿದ ಬರಿಮೈಯಲ್ಲಿ ಕೂರುವ ಜಾಗ ಅದು. ಇಲೆಕ್ಟ್ರಿಶಿಯನ್ ಅರ್ಥಿಂಗ್ ಅಳೆದು, ಆರ್‌ಸಿಸಿಬಿಯ ಟೆಸ್ಟ್ ಗುಂಡಿ ಒತ್ತಿ ಅದು ಬಿದ್ದದ್ದನ್ನು ಕಣ್ಣಮುಂದೆ ತೋರಿಸುವ ತನಕ ಕೊನೆಯ ಕಂತು ಕೊಡಬೇಡಿ.